ಮಡಚುವ ಫ್ಯಾಟ್ ಟಯರ್ ಇ-ಸೈಕಲ್ ಕೊಳ್ಳುವ ಮೊದಲು: ಕರಾವಳಿಯವರಿಗೆ ಒಂದು ಹೋಲಿಕೆ

ಕಳೆದ ಮಳೆಗಾಲದಿಂದೀಚೆಗೆ ಮೂವರು, ಒಬ್ಬರಿಗೊಬ್ಬರು ಪರಿಚಯವಿಲ್ಲದವರು, ನನ್ನಲ್ಲಿ ಹೆಚ್ಚುಕಡಿಮೆ ಒಂದೇ ಪ್ರಶ್ನೆಯನ್ನು ಕೇಳಿದರು. ಒಬ್ಬರು ಉಡುಪಿಯ ಕಡಿಯಾಳಿಯಲ್ಲಿ ಬಾಡಿಗೆಗಿದ್ದು ಮಣಿಪಾಲಕ್ಕೆ ಕೆಲಸಕ್ಕೆ ಹೋಗುವ ಯುವತಿ. ಇನ್ನೊಬ್ಬರು ಮಂಗಳೂರಿನ ಬಿಜೈಯಲ್ಲಿ, ಲಿಫ್ಟ್ ಇಲ್ಲದ ಹಳೆಯ ಕಟ್ಟಡದ ಮೂರನೇ ಮಹಡಿಯಲ್ಲಿರುವ ಬ್ಯಾಂಕ್ ನೌಕರರು. ಮತ್ತೊಬ್ಬರು ಮಲ್ಪೆಯ ಹತ್ತಿರ ಕಡಲ ಬದಿಯಲ್ಲೇ ಮನೆಯಿರುವ ನಿವೃತ್ತ ಶಿಕ್ಷಕರು. ಮೂವರ ಕಣ್ಣೂ ಬಿದ್ದದ್ದು ಮಡಚಿಡಬಹುದಾದ, ನಾಲ್ಕು ಇಂಚು ಅಗಲದ ಟಯರಿರುವ ಇ-ಸೈಕಲಿನ ಮೇಲೆ. ಅದನ್ನೇ ಕೊಳ್ಳುವುದೇ, ಸಾದಾ ಇ-ಸೈಕಲ್ ಸಾಕೇ, ಸಪೂರ ಟಯರಿನ ಹಗುರ ಫೋಲ್ಡಿಂಗ್ ಇ-ಸೈಕಲ್ ವಾಸಿಯೇ, ಅಥವಾ ಇನ್ನಷ್ಟು ಹಣ ಸೇರಿಸಿ ಎಲೆಕ್ಟ್ರಿಕ್ ಸ್ಕೂಟರಿಗೇ ಹೋಗುವುದೇ ಎಂದು ಅವರು ಗೊಂದಲದಲ್ಲಿದ್ದರು. ನಾನು ಎರಡು ವರ್ಷ ಸಾದಾ ಇ-ಸೈಕಲ್ ಓಡಿಸಿದ್ದೇನೆ. ಈಗ ಮೂರು ವರ್ಷಗಳಿಂದ ಮಡಚುವ ಫ್ಯಾಟ್ ಟಯರ್ ಸೈಕಲನ್ನು ಉಡುಪಿಯಲ್ಲಿ ದಿನವೂ ಬಳಸುತ್ತಿದ್ದೇನೆ. ಆ ಮೂವರಿಗೆ ಬಾಯಿಮಾತಿನಲ್ಲಿ ಹೇಳಿದ್ದನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿ ಬರೆಯುತ್ತಿದ್ದೇನೆ.

ಯಾವ ಮಾದರಿಯನ್ನು ನೋಡುವ ಮೊದಲೂ ನಾಲ್ಕು ವಿಷಯಗಳನ್ನು ಮನಸ್ಸಿನಲ್ಲಿ ಖಚಿತ ಮಾಡಿಕೊಳ್ಳಬೇಕು. ಸೈಕಲ್ ರಾತ್ರಿ ಎಲ್ಲಿ ನಿಲ್ಲುತ್ತದೆ, ಅಲ್ಲಿಗೆ ಹೋಗಲು ಎಷ್ಟು ಮೆಟ್ಟಿಲು ಹತ್ತಬೇಕು ಎಂಬುದು ಮೊದಲನೆಯದು. ದಿನದ ದಾರಿಯಲ್ಲಿ ಏರು ಎಷ್ಟಿದೆ, ರಾಷ್ಟ್ರೀಯ ಹೆದ್ದಾರಿ ಎಷ್ಟು ಸಿಗುತ್ತದೆ ಎಂಬುದು ಎರಡನೆಯದು. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೂ ಓಡಿಸುತ್ತೀರೋ, ಒಳಗಿಡುತ್ತೀರೋ ಎಂಬುದು ಮೂರನೆಯದು. ಪಂಕ್ಚರ್ ಆದ ದಿನ ಯಾರ ಬಳಿಗೆ ಹೋಗುತ್ತೀರಿ ಎಂಬುದು ನಾಲ್ಕನೆಯದು. ಬೆಲೆ ಇವೆಲ್ಲದರ ನಂತರ ಬರಬೇಕು. ಐವತ್ತು ಸಾವಿರ ಕೊಟ್ಟು ತಂದದ್ದು ಆರು ತಿಂಗಳಲ್ಲಿ ಮೆಟ್ಟಿಲ ಕೆಳಗೆ ಧೂಳು ಹಿಡಿದು ನಿಂತರೆ, ಅದಕ್ಕಿಂತ ದುಬಾರಿಯಾದ ವಾಹನ ಬೇರೆ ಇಲ್ಲ.

ಕಾನೂನಿನ ಮಾತನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಅದು ಏರಿನ ವಿಷಯಕ್ಕೂ ತಳಕು ಹಾಕಿಕೊಂಡಿದೆ. ನಮ್ಮ ದೇಶದ ನಿಯಮದ ಪ್ರಕಾರ ಮೋಟರಿನ ಸಾಮರ್ಥ್ಯ 250 ವ್ಯಾಟ್ ಹಾಗೂ ವೇಗ ಗಂಟೆಗೆ 25 ಕಿಲೋಮೀಟರ್ ಎಂಬ ಮಿತಿಯೊಳಗಿರುವ ಇ-ಸೈಕಲನ್ನು ಮೋಟಾರು ವಾಹನವೆಂದು ಪರಿಗಣಿಸುವುದಿಲ್ಲ. ಆದ್ದರಿಂದ ನೋಂದಣಿ, ಲೈಸೆನ್ಸ್, ವಿಮೆ ಯಾವುದೂ ಬೇಕಿಲ್ಲ. (ಹೆಲ್ಮೆಟ್ ಕಡ್ಡಾಯವಲ್ಲದಿದ್ದರೂ ಹಾಕಿಕೊಳ್ಳಿ, ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ಕಾಂಕ್ರೀಟ್ ರಸ್ತೆಗೆ ಬಿದ್ದರೆ ತಲೆಗೆ ಆಗುವ ಪೆಟ್ಟಿಗೆ ಕಾನೂನಿನ ವಿನಾಯಿತಿ ಇಲ್ಲ.) ಆದರೆ ಯೂಟ್ಯೂಬಿನಲ್ಲಿ ನಾವು ನೋಡುವ ಮಡಚುವ ಫ್ಯಾಟ್ ಟಯರ್ ಸೈಕಲುಗಳಲ್ಲಿ ಬಹುಪಾಲು ಅಮೆರಿಕದ ಮಾರುಕಟ್ಟೆಯವು. ಅಲ್ಲಿ 750 ವ್ಯಾಟ್‌ವರೆಗಿನ ಮೋಟರಿಗೆ ಅವಕಾಶವಿದೆ. ಅವು ಗುಡ್ಡವನ್ನು ಸಲೀಸಾಗಿ ಹತ್ತುವುದನ್ನು ನೋಡಿ, ಅದೇ ರೂಪದ 250 ವ್ಯಾಟ್‌ನ ಸೈಕಲನ್ನು ಇಲ್ಲಿ ಕೊಂಡವರಿಗೆ ಮೊದಲ ವಾರವೇ ನಿರಾಸೆಯಾಗುತ್ತದೆ. ಹೆಚ್ಚು ಶಕ್ತಿಯ ಮೋಟರ್ ಹಾಕಿಕೊಡುತ್ತೇವೆ ಎನ್ನುವವರೂ ಇದ್ದಾರೆ. ಹಾಗೆ ಹಾಕಿಸಿದ ಸೈಕಲ್ ನೋಂದಣಿಯಿಲ್ಲದ ಮೋಟಾರು ವಾಹನವಾಗುತ್ತದೆ, ಯಾರಿಗಾದರೂ ತಾಗಿದ ದಿನ ರಕ್ಷಣೆಗೆ ವಿಮೆ ಇರುವುದಿಲ್ಲ. ಆ ದಾರಿ ಬೇಡ.

ಈಗ ಏರಿನ ಲೆಕ್ಕ. ಮಂಗಳೂರು ಗುಡ್ಡಗಳ ಮೇಲೆ ಕಟ್ಟಿದ ಊರು. ಹಂಪನಕಟ್ಟೆಯಿಂದ ಲೈಟ್‌ಹೌಸ್ ಹಿಲ್‌ಗೋ, ಬಿಜೈ ಕಡೆಯಿಂದ ಕದ್ರಿ ಗುಡ್ಡಕ್ಕೋ ಹೋಗುವವರಿಗೆ ಇದನ್ನು ವಿವರಿಸಬೇಕಿಲ್ಲ. ಉಡುಪಿಯ ಪೇಟೆ ತಕ್ಕಮಟ್ಟಿಗೆ ಸಪಾಟಾಗಿದ್ದರೂ ಮಣಿಪಾಲದ ಕಡೆಗೆ ದಾರಿ ಏರುತ್ತಲೇ ಹೋಗುತ್ತದೆ. ಎಪ್ಪತ್ತೈದು ಕಿಲೋ ತೂಕದ ಸವಾರ, ಮೂವತ್ತು ಕಿಲೋದ ಫ್ಯಾಟ್ ಟಯರ್ ಸೈಕಲ್, ಐದು ಕಿಲೋದ ಚೀಲ ಎಂದು ಹಿಡಿದರೆ ಒಟ್ಟು 110 ಕಿಲೋ. ಇದನ್ನು ಐವತ್ತು ಮೀಟರ್ ಎತ್ತರಕ್ಕೆ ಏರಿಸಲು ನಷ್ಟವೂ ಸೇರಿ ಸುಮಾರು 20 ವ್ಯಾಟ್-ಅವರ್ (ಸಾವಿರ ವ್ಯಾಟ್-ಅವರ್ ಸೇರಿದರೆ ಕರೆಂಟ್ ಬಿಲ್ಲಿನ ಒಂದು ಯುನಿಟ್) ವಿದ್ಯುತ್ ಬೇಕು. ಬ್ಯಾಟರಿ 48 ವೋಲ್ಟ್, 10 ಆಂಪಿಯರ್-ಅವರ್‌ನದ್ದಾದರೆ ಅದರಲ್ಲಿ 480 ವ್ಯಾಟ್-ಅವರ್ ಇರುತ್ತದೆ. ಅಂದರೆ ಗುಡ್ಡ ಹತ್ತಿದ್ದಕ್ಕೆ ಬ್ಯಾಟರಿ ಖರ್ಚಾಗುವುದು ಶೇಕಡಾ 4ರಷ್ಟು ಮಾತ್ರ. ಆದುದರಿಂದ ‘ಗುಡ್ಡವಿದೆ, ದೊಡ್ಡ ಬ್ಯಾಟರಿ ತೆಗೆದುಕೊಳ್ಳಿ’ ಎಂಬ ಸಲಹೆಯಲ್ಲಿ ಅರ್ಧ ಸತ್ಯವಷ್ಟೇ ಇದೆ. ಕೊರತೆ ಬೀಳುವುದು ವೇಗದಲ್ಲಿ. ನೂರು ಮೀಟರಿಗೆ ಆರು ಮೀಟರ್ ಏರುವ ರಸ್ತೆಯಲ್ಲಿ, ಚಕ್ರಕ್ಕೆ 200 ವ್ಯಾಟ್ ತಲುಪುತ್ತದೆಂದು ಎಣಿಸಿದರೆ, ಫ್ಯಾಟ್ ಟಯರ್ ಸೈಕಲ್ ಪೆಡಲ್ ತುಳಿಯದೆ ಬರೀ ಥ್ರಾಟಲ್ (ಹ್ಯಾಂಡಲಿನಲ್ಲಿರುವ ವೇಗದ ಹಿಡಿ) ಮೇಲೆ ಗಂಟೆಗೆ 9 ಕಿಲೋಮೀಟರಿನ ಆಸುಪಾಸಿನಲ್ಲಿ ಹತ್ತುತ್ತದೆ; ಅದಕ್ಕಿಂತ ಹತ್ತು ಕಿಲೋ ಹಗುರವಾಗಿ, ಕಡಿಮೆ ಅಗಲದ ಟಯರ್ ಇರುವ ಸಾದಾ ಇ-ಸೈಕಲ್ 11ರ ಆಸುಪಾಸಿನಲ್ಲಿ ಹತ್ತುತ್ತದೆ. ಸವಾರ ಸಾಧಾರಣವಾಗಿ ಪೆಡಲ್ ತುಳಿದರೆ ಎರಡಕ್ಕೂ ಮೂರು ನಾಲ್ಕು ಕಿಲೋಮೀಟರ್ ಸೇರುತ್ತದೆ.

ಈ ಅಂತರ ಕಾಗದದ ಮೇಲೆ ಸಣ್ಣದಾಗಿ ಕಂಡರೂ ಹಿಂದಿನಿಂದ ಸಿಟಿ ಬಸ್ ಹಾರ್ನ್ ಹೊಡೆಯುತ್ತಿರುವಾಗ ಅದರ ಅರಿವಾಗುತ್ತದೆ. ಇನ್ನೊಂದು ವಿಷಯ, ಹಬ್ ಮೋಟರ್, ಅಂದರೆ ಚಕ್ರದ ನಡುವಿನಲ್ಲೇ ಕೂರಿಸಿರುವ ಮೋಟರ್, ನಿಧಾನ ವೇಗದಲ್ಲಿ ಪೂರ್ತಿ ಶಕ್ತಿ ಹಾಕಬೇಕಾಗಿ ಬಂದಾಗ ಬೇಗ ಬಿಸಿಯಾಗುತ್ತದೆ. ಕಡಿದಾದ ಏರಿನಲ್ಲಿ ಥ್ರಾಟಲನ್ನೇ ನಂಬದೆ, ಕೆಳ ಗೇರಿಗೆ ಹಾಕಿ ಕಾಲನ್ನೂ ಸೇರಿಸುವುದು ಮೋಟರಿನ ಆಯುಸ್ಸಿಗೆ ಒಳ್ಳೆಯದು. ಮೊಣಕಾಲು ನೋವಿನ ಕಾರಣಕ್ಕೆ ಪೆಡಲ್ ತುಳಿಯಲಾರೆ ಎನ್ನುವವರು, ದಿನವೂ ಗುಡ್ಡ ಹತ್ತಬೇಕಾದರೆ, ಯಾವ ಇ-ಸೈಕಲನ್ನೂ ಕೊಳ್ಳದೆ ಸ್ಕೂಟರ್ ಕೊಳ್ಳುವುದು ಉತ್ತಮ ಎಂದು ನಾನು ಖಚಿತವಾಗಿ ಹೇಳುತ್ತೇನೆ.

ಹಾಗಾದರೆ ದಪ್ಪ ಟಯರಿನಿಂದ ಸಿಗುವುದೇನು? ಈ ಟಯರ್ ಹುಟ್ಟಿದ್ದು ಅಲಾಸ್ಕದ ಹಿಮ ಮತ್ತು ಅಮೆರಿಕದ ನೈಋತ್ಯ ಭಾಗದ ಮರಳಿಗಾಗಿ. ಆದರೆ ನಮ್ಮೂರಿನಲ್ಲಿ ಅದರ ನಿಜವಾದ ಉಪಯೋಗ ಸಿಗುವುದು ಬೀಚಿನಲ್ಲಿ ಅಲ್ಲ, ಮಳೆಗಾಲ ಮುಗಿದ ನಂತರದ ರಸ್ತೆಯಲ್ಲಿ. ಮಂಗಳೂರಿನ ಕಾಂಕ್ರೀಟ್ ರಸ್ತೆಗಳ ಅಂಚು ಅನೇಕ ಕಡೆ ಪಕ್ಕದ ಮಣ್ಣಿಗಿಂತ ಒಂದು ಗೇಣು ಎತ್ತರವಿರುತ್ತದೆ. ಬಸ್ಸಿಗೆ ದಾರಿ ಕೊಡಲು ಒಮ್ಮೆ ಕೆಳಗಿಳಿದರೆ, ಸಪೂರ ಟಯರಿನ ಸೈಕಲ್ ಮತ್ತೆ ಮೇಲೇರುವಾಗ ಅಂಚಿಗೆ ಸಿಕ್ಕಿ ಅಡ್ಡ ಬೀಳುತ್ತದೆ. ನಾನು ನನ್ನ ಹಳೆಯ ಸೈಕಲಿನಿಂದ ಎರಡು ಸಲ ಹಾಗೆ ಬಿದ್ದಿದ್ದೇನೆ. ಒಂದು ಗೇಣಿನ ಅಂಚನ್ನು ಯಾವ ಟಯರಿನಿಂದಲೂ ಹತ್ತಿಸಬಾರದು, ಇಳಿದು ಎತ್ತಬೇಕು; ಆದರೆ ಎರಡು ಮೂರು ಇಂಚಿನ ಅಂಚು, ಇಂಟರ್‌ಲಾಕ್‌ನ ಬಾಯಿಬಿಟ್ಟ ಸಂದು, ಪೈಪ್ ಹಾಕಿ ಸರಿಯಾಗಿ ಮುಚ್ಚದೆ ಬಿಟ್ಟ ತೋಡು, ಇವನ್ನೆಲ್ಲ ದಪ್ಪ ಟಯರ್ ನುಂಗಿಕೊಂಡು ಸಾಗುತ್ತದೆ. ಗಾಳಿಯ ಒತ್ತಡವನ್ನು ಬದಲಿಸಬಹುದಾದುದೇ ಇದರ ದೊಡ್ಡ ಗುಣ. ನಾನು ಪೇಟೆಯ ಒಳ್ಳೆಯ ರಸ್ತೆಗೆ 20 ಪಿಎಸ್‌ಐ, ಮುರಕಲ್ಲಿನ ಮಣ್ಣುರಸ್ತೆಗೆ 14 ಅಥವಾ 15, ಮರಳಿಗೆ 8ರಿಂದ 10 ಇಡುತ್ತೇನೆ. ಇದಕ್ಕೆ ತೆರಬೇಕಾದ ಬೆಲೆಯೂ ಇದೆ. ಸಾದಾ ಇ-ಸೈಕಲ್ ಒಂದು ಕಿಲೋಮೀಟರಿಗೆ 8ರಿಂದ 10 ವ್ಯಾಟ್-ಅವರ್ ತೆಗೆದುಕೊಂಡರೆ ನನ್ನದು 12ರಿಂದ 16 ತೆಗೆದುಕೊಳ್ಳುತ್ತದೆ. ಬ್ಯಾಟರಿ ಮುಗಿದ ಮೇಲೆ ಬರೀ ಕಾಲಿನಲ್ಲಿ ತುಳಿದುಕೊಂಡು ಬರುವುದು ಸಾದಾ ಇ-ಸೈಕಲಿನಲ್ಲಿ ಕಷ್ಟ, ಇದರಲ್ಲಿ ಶಿಕ್ಷೆ.

ಮಲ್ಪೆಯ ಶಿಕ್ಷಕರಿಗೆ ಬೇಕಾಗಿದ್ದದ್ದು ಬೆಳಗ್ಗಿನ ಹೊತ್ತು ಕಡಲ ತಡಿಯಲ್ಲಿ ಸ್ವಲ್ಪ ದೂರ ಹೋಗಿ ಬರುವುದು, ಆಮೇಲೆ ತೋಟದ ದಾರಿಯಲ್ಲಿ ಹಾಲು ತರುವುದು. ಇಳಿತದ ಹೊತ್ತಿನಲ್ಲಿ ನೀರು ಸರಿದು ಗಟ್ಟಿಯಾಗಿ ನಿಂತ ಒದ್ದೆ ಮರಳಿನ ಮೇಲೆ ಇದು ಚೆನ್ನಾಗಿ ಓಡುತ್ತದೆ; ಮೇಲಿನ ಸಡಿಲ ಒಣ ಮರಳಿನಲ್ಲಿ ಮಾತ್ರ ಟಯರ್ ಎಷ್ಟೇ ದಪ್ಪವಿದ್ದರೂ 250 ವ್ಯಾಟ್ ಸಾಲದೆ ಮೋಟರ್ ಒದ್ದಾಡುತ್ತದೆ. ಅವರ ಮನೆ ನೆಲಮಟ್ಟದಲ್ಲಿದೆ, ದಾರಿ ಸಪಾಟು, ದಿನಕ್ಕೆ ಐದಾರು ಕಿಲೋಮೀಟರ್ ಮೀರದು. ಚಕ್ರ 20 ಇಂಚಿನದಾದ್ದರಿಂದ ಸೀಟನ್ನು ತಗ್ಗಿಸಿಕೊಂಡರೆ ಎರಡೂ ಕಾಲು ನೆಲಕ್ಕೆ ಊರುತ್ತದೆ. ನಡುವಿನ ಫ್ರೇಮ್ ತಗ್ಗಾಗಿರುವ ಮಾದರಿಯಾದರೆ ಪಂಚೆ ಉಟ್ಟವರೂ ಸೀರೆ ಉಟ್ಟವರೂ ಕಾಲು ದಾಟಿಸಿ ಹತ್ತುವುದು ಸುಲಭ. ಸೀಟು ಮತ್ತು ಹ್ಯಾಂಡಲ್ ಎರಡನ್ನೂ ಏರಿಳಿಸಬಹುದಾದ್ದರಿಂದ ಒಂದೇ ಸೈಕಲನ್ನು ಗಂಡ ಹೆಂಡತಿ ಇಬ್ಬರೂ ಬಳಸಬಹುದು. ಅವರಿಗೆ ನಾನು ಹಿಂದೆಮುಂದೆ ನೋಡದೆ ಫ್ಯಾಟ್ ಟಯರನ್ನೇ ಹೇಳಿದೆ. ಆದರೆ ಒಂದು ಷರತ್ತು ಹಾಕಿದೆ: ಕಡಲಿಗೆ ಹೋಗಿ ಬಂದ ದಿನ ಬಾವಿಯ ನೀರಿನಲ್ಲಿ, ಸಣ್ಣ ಧಾರೆಯಲ್ಲಿ, ಚೈನು, ಕಡ್ಡಿ, ಡಿಸ್ಕ್ ಬ್ರೇಕ್ ಮತ್ತು ಮಡಚುವ ಹಿಂಜನ್ನು ತೊಳೆದು ಒರೆಸಲೇಬೇಕು. ಪ್ರೆಷರ್ ಪಂಪ್ ಹಿಡಿಯಬಾರದು. ಅದು ಹಬ್‌ನ ಸೀಲಿನೊಳಗೆ ನೀರು ನುಗ್ಗಿಸುತ್ತದೆ. ಉಪ್ಪುಗಾಳಿಗೆ ಮೊದಲು ತುಕ್ಕು ಹಿಡಿಯುವುದು ಚೈನು. ಅಪಾಯಕಾರಿಯಾಗಿ ತುಕ್ಕು ಹಿಡಿಯುವುದು ಹಿಂಜಿನ ಬೋಲ್ಟು.

ಮಡಚುವ ಗುಣದ ಬಗ್ಗೆ ಇರುವ ತಪ್ಪು ಕಲ್ಪನೆಯೇ ಎಲ್ಲಕ್ಕಿಂತ ಹೆಚ್ಚು ಜನರನ್ನು ದಾರಿ ತಪ್ಪಿಸುತ್ತದೆ. ಮಡಚುವುದು ಇಡುವುದಕ್ಕೆ ಅನುಕೂಲ, ಹೊರುವುದಕ್ಕಲ್ಲ. ಫ್ಯಾಟ್ ಟಯರ್ ಫೋಲ್ಡಿಂಗ್ ಸೈಕಲ್ ಸಾಮಾನ್ಯವಾಗಿ 25ರಿಂದ 33 ಕಿಲೋ ತೂಗುತ್ತದೆ, ಅಂದರೆ ಹೆಚ್ಚುಕಡಿಮೆ ಎರಡು ಅಡುಗೆ ಗ್ಯಾಸ್ ಸಿಲಿಂಡರುಗಳೊಳಗಿನ ಗ್ಯಾಸಿನಷ್ಟು. ಬ್ಯಾಟರಿ ತೆಗೆದರೆ ಮೂರು ಕಿಲೋದಷ್ಟು ಇಳಿಯುತ್ತದೆ. ಮಡಚಿದಾಗ ಅದು ಒಂದು ವಾಷಿಂಗ್ ಮೆಷಿನ್ ಹಿಡಿಸುವಷ್ಟು ಜಾಗ ಹಿಡಿಯುತ್ತದೆ, ಹಿಡಿಯಲು ಸರಿಯಾದ ಕೈಜಾಗವೂ ಇರುವುದಿಲ್ಲ. ಸಣ್ಣ ಹ್ಯಾಚ್‌ಬ್ಯಾಕ್ ಕಾರಿನಲ್ಲಿ ಹಿಂದಿನ ಸೀಟು ಮಡಚಿದರೆ ಕೂರುತ್ತದೆ, ಆದರೆ ಎತ್ತಿ ಇಡಲು ಇಬ್ಬರಿದ್ದರೆ ಒಳ್ಳೆಯದು. ಉಡುಪಿ–ಮಂಗಳೂರು ನಡುವಿನ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಇದನ್ನು ಒಯ್ಯುವ ಯೋಚನೆಯನ್ನು ಬಿಟ್ಟುಬಿಡಿ. ಬಜ್ಪೆಯಿಂದ ವಿಮಾನದಲ್ಲಿ ಒಯ್ಯುವುದಂತೂ ಸಾಧ್ಯವೇ ಇಲ್ಲ. ಪ್ರಯಾಣಿಕರು 160 ವ್ಯಾಟ್-ಅವರ್‌ಗಿಂತ ದೊಡ್ಡ ಲಿಥಿಯಂ ಬ್ಯಾಟರಿಯನ್ನು ವಿಮಾನದಲ್ಲಿ ಕೊಂಡೊಯ್ಯುವಂತಿಲ್ಲ.

ಬಿಜೈಯ ಬ್ಯಾಂಕ್ ನೌಕರರು ಫೋಲ್ಡಿಂಗ್ ಎಂಬ ಒಂದೇ ಪದಕ್ಕೆ ಒಲಿದು ಮುಂಗಡ ಕೊಡುವವರಿದ್ದರು. ಅಂಗಡಿಯಲ್ಲಿ ಅದನ್ನು ಮಡಚಿ, ಎತ್ತಿಕೊಂಡು ಒಂದು ಮಹಡಿ ಹತ್ತಿ ನೋಡಿ ಎಂದೆ. ಅರ್ಧದಲ್ಲೇ ಕೆಳಗಿಳಿಸಿದರಂತೆ. ಅಂಥವರಿಗೆ ಎರಡು ದಾರಿಗಳಿವೆ. ಕೆಳಗೆ ಪಾರ್ಕಿಂಗಿನಲ್ಲಿ ಗಟ್ಟಿಯಾದ ಕಂಬವೋ ಗ್ರಿಲ್ಲೋ ಇದ್ದರೆ, ಸಾದಾ ಇ-ಸೈಕಲನ್ನು ಒಳ್ಳೆಯ ಬೀಗ ಹಾಕಿ ಅಲ್ಲೇ ನಿಲ್ಲಿಸಿ, ಬ್ಯಾಟರಿಯನ್ನು ಮಾತ್ರ ಕೈಯಲ್ಲಿ ಹಿಡಿದು ಮೇಲೆ ತಂದು ಚಾರ್ಜ್ ಮಾಡಬಹುದು. ಹಾಗಿದ್ದಾಗ ಬ್ಯಾಟರಿ ಹೊರಗಿನಿಂದಲೇ ಕಳಚುವಂತಿರಬೇಕು. ಕೆಲವು ಮಡಚುವ ಮಾದರಿಗಳಲ್ಲಿ ಬ್ಯಾಟರಿ ಫ್ರೇಮಿನ ಒಳಗಿದ್ದು, ಸೈಕಲನ್ನು ಮಡಚಿದ ಮೇಲಷ್ಟೇ ಹೊರಗೆಳೆಯಬಹುದು, ದಿನವೂ ಅದನ್ನು ಮಾಡುವುದು ಬೇಸರದ ಕೆಲಸ. ಕೆಳಗೆ ಜಾಗವೇ ಇಲ್ಲ ಎಂದಾದರೆ ಸಪೂರ ಟಯರಿನ, ಹದಿನೇಳರಿಂದ ಇಪ್ಪತ್ತು ಕಿಲೋದೊಳಗಿನ ಫೋಲ್ಡಿಂಗ್ ಇ-ಸೈಕಲನ್ನು ಹುಡುಕಬೇಕು. ಅದು ಹೊರಲು ಆಗುವಂಥದ್ದು. ಆದರೆ 16 ಅಥವಾ 20 ಇಂಚಿನ ಸಣ್ಣ ಚಕ್ರಕ್ಕೆ ಸಪೂರ ಟಯರ್ ಸೇರಿದರೆ ಗುಂಡಿಗಳಿಗೆ ಅದರಷ್ಟು ಅಂಜಬೇಕಾದ ಸೈಕಲ್ ಬೇರೊಂದಿಲ್ಲ. ಮಳೆಯಲ್ಲಿ ನೀರು ತುಂಬಿದ ಗುಂಡಿಯ ಆಳ ಕಾಣದ ನಮ್ಮಲ್ಲಿ ಅದನ್ನು ಒಳ್ಳೆಯ ರಸ್ತೆಯ ಎರಡು ಮೂರು ಕಿಲೋಮೀಟರಿಗೆ ಸೀಮಿತಗೊಳಿಸುವುದು ಲೇಸು.

ಮಳೆಯ ವಿಷಯದಲ್ಲಿ ಅಂಗಡಿಯವರು ಹೇಳದ ಒಂದು ಸಂಗತಿಯಿದೆ. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಬೀಳುತ್ತದೆ, ಅದರಲ್ಲಿ ಬಹುಪಾಲು ಆ ನಾಲ್ಕು ತಿಂಗಳಲ್ಲೇ. ಸೈಕಲಿನ ವಿವರಪಟ್ಟಿಯಲ್ಲಿ ಐಪಿಎಕ್ಸ್4 ಎಂದು ಬರೆದಿದ್ದರೆ ಎಲ್ಲ ದಿಕ್ಕಿನಿಂದ ಸಿಡಿಯುವ ನೀರನ್ನು ಅದು ತಡೆಯುತ್ತದೆ ಎಂದರ್ಥ, ನೀರಿನಲ್ಲಿ ಮುಳುಗಬಹುದು ಎಂದಲ್ಲ. ಇಪ್ಪತ್ತು ಇಂಚಿನ ಚಕ್ರದಲ್ಲಿ ಮೋಟರಿನ ನಡುವಿನ ಆಕ್ಸಲ್ ದಪ್ಪ ಟಯರನ್ನೂ ಸೇರಿಸಿ ನೆಲದಿಂದ ಸುಮಾರು 29 ಸೆಂಟಿಮೀಟರ್ ಎತ್ತರದಲ್ಲಿರುತ್ತದೆ. ದೊಡ್ಡ ಚಕ್ರದ ಸಾದಾ ಇ-ಸೈಕಲಿನಲ್ಲಿ ಅದು 35ರ ಹತ್ತಿರವಿರುತ್ತದೆ. ಕೊಟ್ಟಾರ ಚೌಕಿಯಂಥ ತಗ್ಗಿನಲ್ಲಿ ನೀರು ನಿಂತಾಗ, ಸಾದಾ ಸೈಕಲ್ ದಾಟಬಲ್ಲ ನೀರಿನಲ್ಲಿ ದಪ್ಪ ಟಯರಿನದರ ಮೋಟರಿಗೆ ನೀರು ತಾಗುತ್ತದೆ. ನೋಡಲು ಗಟ್ಟಿಮುಟ್ಟಾಗಿ, ಎಲ್ಲಿ ಬೇಕಾದರೂ ನುಗ್ಗಬಲ್ಲದು ಎನಿಸುವ ಸೈಕಲೇ ನೆರೆಯ ನೀರಿಗೆ ಹೆಚ್ಚು ಹೆದರಬೇಕಾದದ್ದು. ನನ್ನ ಸೈಕಲಿನ ಮೋಟರ್ ಎರಡನೇ ಮಳೆಗಾಲದಲ್ಲಿ ಹೀಗೆಯೇ ನೀರು ಕುಡಿದು, ಬೇರಿಂಗ್ ತುಕ್ಕು ಹಿಡಿದು, ಹದಿನೈದು ದಿನ ಸೈಕಲ್ ಮೂಲೆ ಸೇರಿತ್ತು. ನಾಲ್ಕು ಇಂಚಿನ ಟಯರ್ ಎರಚುವ ಕೆಸರೂ ಕಡಿಮೆಯದಲ್ಲ. ಟಯರಿಗಿಂತ ಅಗಲವಾಗಿ, ಹಿಂದೆ ಕೆಳಮಟ್ಟದವರೆಗೆ ಇಳಿದಿರುವ ಮಡ್‌ಗಾರ್ಡ್ ಇಲ್ಲದ ಮಾದರಿಯಲ್ಲಿ ಕಚೇರಿಗೆ ಹೋಗಲಾಗದು. ಮುರಕಲ್ಲಿನ ಕೆಂಪು ನೀರು ಡಿಸ್ಕ್ ಬ್ರೇಕಿನ ಪ್ಯಾಡನ್ನು ಬೇಗ ಸವೆಸುತ್ತದೆ, ಮಳೆಗಾಲದ ನಡುವೆ ಒಮ್ಮೆಯಾದರೂ ನೋಡಿಸಿ. ಪಾಚಿಗಟ್ಟಿದ ಕಾಂಕ್ರೀಟಿನಲ್ಲಿ ದಪ್ಪ ಟಯರೂ ಜಾರುತ್ತದೆ. ನಾಲ್ಕು ತಿಂಗಳು ಓಡಿಸುವುದೇ ಇಲ್ಲ ಎನ್ನುವವರು ಬ್ಯಾಟರಿಯನ್ನು ಅರ್ಧದಷ್ಟು ಚಾರ್ಜಿನಲ್ಲಿ ಒಣ ಜಾಗದಲ್ಲಿಟ್ಟು, ತಿಂಗಳಿಗೊಮ್ಮೆ ನೋಡಿಕೊಳ್ಳಬೇಕು. ಒದ್ದೆಯಾದ ಬ್ಯಾಟರಿಯನ್ನು ಕನೆಕ್ಟರ್ ಒಣಗುವ ಮೊದಲು ಚಾರ್ಜಿಗೆ ಹಾಕಲೇಬಾರದು.

ರಿಪೇರಿಯಲ್ಲಿ ಸಾದಾ ಇ-ಸೈಕಲಿನ ಮೇಲುಗೈ ಸ್ಪಷ್ಟ. ಅದರ ಟಯರ್, ಟ್ಯೂಬ್, ಚೈನ್, ಫ್ರೀವೀಲ್ ಎಲ್ಲವೂ ಯಾವ ಸೈಕಲ್ ಅಂಗಡಿಯಲ್ಲೂ ಸಿಗುತ್ತವೆ. ನನ್ನ ಫ್ಯಾಟ್ ಟಯರಿನ ಟ್ಯೂಬ್ ಮೊದಲ ಸಲ ಒಡೆದಾಗ, ನಾನು ಚಿಕ್ಕಂದಿನಿಂದ ಹೋಗುತ್ತಿದ್ದ ಅಂಗಡಿಯವರು ಅದನ್ನು ತಿರುಗಿಸಿ ನೋಡಿ, ‘ಇಪ್ಪತ್ತು ಇಂಟು ನಾಲ್ಕು ನಮ್ಮಲ್ಲಿ ಇಲ್ಲ ಮಾರಾಯ್ರೆ, ತರಿಸ್ಬೇಕಷ್ಟೆ’ ಎಂದರು. ಅಂದಿನಿಂದ ಮನೆಯಲ್ಲಿ ಎರಡು ಟ್ಯೂಬ್ ಮತ್ತು ಒಂದು ಜೊತೆ ಬ್ರೇಕ್ ಪ್ಯಾಡ್ ಯಾವಾಗಲೂ ಇರುತ್ತವೆ. ಕೊಳ್ಳುವ ದಿನವೇ ನೀವೂ ಇವನ್ನು ಬಿಲ್ಲಿಗೆ ಸೇರಿಸಿಕೊಳ್ಳಿ. ಹಿಂದಿನ ಚಕ್ರದಲ್ಲಿ ಮೋಟರ್ ಇರುವುದರಿಂದ ಚಕ್ರ ಬಿಚ್ಚಲು ದೊಡ್ಡ ಸ್ಪ್ಯಾನರ್ ಬೇಕು, ಮೋಟರಿನ ವಯರನ್ನು ಕನೆಕ್ಟರಿನಲ್ಲಿ ಬೇರ್ಪಡಿಸಬೇಕು. ಸಣ್ಣ ಪಂಕ್ಚರಿಗೆ ಇದೆಲ್ಲ ಬೇಡ: ಸೈಕಲನ್ನು ಮಲಗಿಸಿ, ಟಯರಿನ ಒಂದು ಬದಿಯನ್ನು ರಿಮ್ಮಿನಿಂದ ಬಿಡಿಸಿ, ಟ್ಯೂಬನ್ನು ಹೊರಗೆಳೆದು ಪ್ಯಾಚ್ ಹಾಕಿ ಒಳಗೆ ತಳ್ಳಬಹುದು. ಪಂಕ್ಚರ್ ಹಾಕುವವರಿಗೆ ಒಮ್ಮೆ ಇದನ್ನು ತೋರಿಸಿಕೊಟ್ಟರೆ ಆಮೇಲೆ ತೊಂದರೆಯಿಲ್ಲ.

ಹಣದ ಲೆಕ್ಕ ಇಷ್ಟು: ಬಳಸಲು ಯೋಗ್ಯವಾದ ಸಾದಾ ಇ-ಸೈಕಲ್ ಮೂವತ್ತರಿಂದ ನಲವತ್ತೈದು ಸಾವಿರಕ್ಕೆ ಸಿಗುತ್ತದೆ. ಫ್ಯಾಟ್ ಟಯರಿನ ಮಡಚುವ ಮಾದರಿಗೆ ಐವತ್ತು ಸಾವಿರದಿಂದ ಮೇಲೆ ಇಟ್ಟುಕೊಳ್ಳಬೇಕು. ಪುಣೆಯ ಇಮೋಟೊರಾಡ್ ಕಂಪನಿಯ ಡೂಡಲ್ ಈ ವರ್ಗದ ಪರಿಚಿತ ಹೆಸರು. ನೋಂದಣಿಯಾಗುವ ಒಳ್ಳೆಯ ಸ್ಕೂಟರ್ ಒಂದು ಲಕ್ಷದ ಹತ್ತಿರಕ್ಕೆ ಹೋಗುತ್ತದೆ, ಅದರ ಮೇಲೆ ವಿಮೆಯ ಖರ್ಚು. ಕರೆಂಟಿನ ಖರ್ಚನ್ನು ಯಾರೂ ತಲೆಗೆ ಹಚ್ಚಿಕೊಳ್ಳಬೇಕಿಲ್ಲ. 480 ವ್ಯಾಟ್-ಅವರ್ ಬ್ಯಾಟರಿ ತುಂಬಲು ನಷ್ಟವೂ ಸೇರಿ ಅರ್ಧ ಯುನಿಟ್‌ಗಿಂತ ಸ್ವಲ್ಪ ಹೆಚ್ಚು ಬೇಕು. ಯುನಿಟ್‌ಗೆ ಏಳು ರೂಪಾಯಿ ಎಂದು ಹಿಡಿದರೂ ಮೂವತ್ತು ಕಿಲೋಮೀಟರಿಗೆ ನಾಲ್ಕು ರೂಪಾಯಿಯ ಆಸುಪಾಸು. ನಿಜವಾದ ಖರ್ಚು ಬರುವುದು ನಾಲ್ಕೈದು ವರ್ಷಗಳ ನಂತರ, ಬ್ಯಾಟರಿ ಬದಲಿಸಬೇಕಾದಾಗ. ಆಗ ಸೈಕಲಿನ ಬೆಲೆಯ ಮೂರನೇ ಒಂದು ಭಾಗದವರೆಗೂ ಹೋಗಬಹುದು. ಆದ್ದರಿಂದ ಯಾರೂ ಕೇಳರಿಯದ ಹೆಸರಿನ, ಆನ್‌ಲೈನಿನಲ್ಲಿ ಮಾತ್ರ ಸಿಗುವ ಸೈಕಲ್ ಐದು ಸಾವಿರ ಕಡಿಮೆಗೆ ಸಿಕ್ಕಿದರೂ, ಅದೇ ಆಕಾರದ ಬ್ಯಾಟರಿ ಮುಂದೆ ಸಿಗುತ್ತದೆಯೇ ಎಂದು ಕೇಳಿಕೊಳ್ಳಬೇಕು.

ಸ್ಕೂಟರಿನ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ. ರಾಷ್ಟ್ರೀಯ ಹೆದ್ದಾರಿ 66ರಲ್ಲಿ ದಿನವೂ ಸಾಗಬೇಕಾದವರು, ಉದಾಹರಣೆಗೆ ಕಾಪುವಿನಿಂದ ಉಡುಪಿಗೋ ಸುರತ್ಕಲ್ಲಿನಿಂದ ಮಂಗಳೂರಿಗೋ ಬರುವವರು, ಸ್ಕೂಟರನ್ನೇ ಕೊಳ್ಳಬೇಕು. ಮೀನಿನ ಲಾರಿಗಳೂ ಬಸ್ಸುಗಳೂ ಓಡುವ ಆ ರಸ್ತೆಯಲ್ಲಿ ಗಂಟೆಗೆ 25 ಕಿಲೋಮೀಟರಿನ ವಾಹನ ಸುರಕ್ಷಿತವಲ್ಲ. ಮಗುವನ್ನೋ ವಯಸ್ಸಾದವರನ್ನೋ ಹಿಂದೆ ಕೂರಿಸಿಕೊಳ್ಳಬೇಕಾದವರ ಮಾತೂ ಅಷ್ಟೇ.

ಕಡಿಯಾಳಿಯ ಯುವತಿಯ ವಿಷಯದಲ್ಲಿ ಮಾತ್ರ ನಾನು ಕೊನೆಯವರೆಗೂ ತೂಗಿ ನೋಡಬೇಕಾಯಿತು. ದಾರಿ ಐದು ಕಿಲೋಮೀಟರಿನೊಳಗೆ, ಏರು ಒಂದೇ ದಿಕ್ಕಿನಲ್ಲಿ, ಹಿಂದಿರುಗುವಾಗ ಇಳಿಜಾರು. ಮನೆಯ ವರಾಂಡ ಚಿಕ್ಕದು, ಬೀಗ ಹಾಕುವ ಗೇಟು ಇಲ್ಲ. ಸೈಕಲನ್ನು ಒಳಕೋಣೆಗೆ ತರಲೇಬೇಕು, ಆದರೆ ಮೆಟ್ಟಿಲು ಎರಡೇ. ಹಗುರವಾಗಿ ಏರು ಹತ್ತುವ ಸಾದಾ ಇ-ಸೈಕಲ್ ದಾರಿಗೆ ಒಪ್ಪುತ್ತದೆ, ಮಡಚುವ ಫ್ಯಾಟ್ ಟಯರ್ ಕೋಣೆಗೆ ಒಪ್ಪುತ್ತದೆ. ಬ್ಯಾಂಕ್ ನೌಕರರಿಗೆ ಹೇಳಿದಂತೆಯೇ ಅವರಿಗೂ ಪ್ರಯೋಗ ಮಾಡಿ ನೋಡಲು ಹೇಳಿದೆ. ಬ್ಯಾಟರಿ ಅರ್ಧ ಖಾಲಿಯಾದ ಸೈಕಲನ್ನೇ ಕೇಳಿ ಪಡೆದು, ಕಚೇರಿಯ ಚೀಲವನ್ನು ಹೆಗಲಿಗೆ ಹಾಕಿಕೊಂಡು, ಬೆಳಗ್ಗೆ ಒಂಬತ್ತು ಗಂಟೆಯ ವಾಹನಗಳ ನಡುವೆ ಮಣಿಪಾಲದ ಏರನ್ನು ಒಮ್ಮೆ ಹತ್ತಬೇಕು. ಇಳಿಯುವಾಗ ಹಿಂಜಿನ ಲ್ಯಾಚ್ ಅಲುಗುತ್ತದೆಯೇ, ಬ್ರೇಕ್ ಹಿಡಿದಾಗ ಹ್ಯಾಂಡಲಿನ ಬುಡದಲ್ಲಿ ಸದ್ದು ಬರುತ್ತದೆಯೇ ಎಂದು ಗಮನಿಸಬೇಕು. ಆ ಏರಿನಲ್ಲಿ ಪೆಡಲ್ ತುಳಿಯುವುದು ಅವರಿಗೆ ಕಷ್ಟವೆನಿಸಲಿಲ್ಲ, ಬಸ್ಸುಗಳಿಗೆ ಬದಿ ಕೊಟ್ಟು ಅಂಚಿಗೆ ಇಳಿದು ಹತ್ತಿದಾಗ ದಪ್ಪ ಟಯರ್ ಧೈರ್ಯ ಕೊಟ್ಟಿತು. ಹಾಗಾಗಿ ಅವರು ಮಡಚುವುದನ್ನೇ ಕೊಂಡರು. ಎರಡು ಹೆಚ್ಚುವರಿ ಟ್ಯೂಬುಗಳನ್ನೂ ಅದೇ ದಿನ ಬಿಲ್ಲಿಗೆ ಸೇರಿಸಿಕೊಂಡರು.